ದೊಡ್ಡಪತ್ರೆಯ ಒಂದು ಕಡ್ಡಿ

ಬೆಳಿಗ್ಗೆ ಪಕ್ಕದ ಮನೆ ಆಂಟಿ ಬಂದು, "ನಾಲ್ಕು ದೊಡ್ಡಪತ್ರೆ ಎಲೆ ಕೊಡ್ತೀಯೇನಮ್ಮಾ? ಮೊಮ್ಮಗನಿಗೆ ಶೀತ" ಅಂದರು. ಎಲೆಯ ಜೊತೆ ಒಂದು ಕಡ್ಡಿಯನ್ನೂ ಮುರಿದು ಕೊಟ್ಟೆ. "ಸುಮ್ನೆ ಮಣ್ಣಿಗೆ ಚುಚ್ಚಿ ಆಂಟಿ, ಬರುತ್ತೆ. ನೀರು ಮಾತ್ರ ನಿಲ್ಲಬಾರದು, ಬೇರು ಕೊಳೆಯುತ್ತದೆ."

ನಮ್ಮ ಗಿಡ ಬಂದದ್ದೂ ಹೀಗೇ. ಅಮ್ಮ ಸಾಗರದಿಂದ ಬಸ್ಸಿನಲ್ಲಿ ಬರುವಾಗ ಗೇಣುದ್ದದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಈಗ ಅದು ನಮ್ಮ ಬೀದಿಯ ಐದಾರು ಮನೆಯಲ್ಲಿದೆ. ಅಮ್ಮ ಇಲ್ಲ. ಆದರೆ ಎಲೆ ಉಜ್ಜಿದಾಗ ಬರುವ ಆ ಓಮದಂಥ ಘಾಟು ಮೂಗಿಗೆ ತಾಗಿದರೆ ಸಾಕು, ಅವರ ಅಡುಗೆಮನೆಯಲ್ಲೇ ನಿಂತ ಹಾಗಾಗುತ್ತದೆ. (ಓಮದ ಗಿಡವೇ ಬೇರೆ, ಇದೇ ಬೇರೆ. ತುಂಬಾ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ.)

ಇವತ್ತು ತಂಬುಳಿ ಮಾಡಿದೆ. ಹತ್ತು ಎಲೆ, ಸ್ವಲ್ಪ ಜೀರಿಗೆ, ನಾಲ್ಕು ಕಾಳುಮೆಣಸು. ತುಪ್ಪದಲ್ಲಿ ಎಲೆ ಮೆತ್ತಗಾಗುವವರೆಗೆ ಹುರಿದು, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಆಯಿತು. ಮತ್ತೆ ಕುದಿಸಬಾರದು, ಮಜ್ಜಿಗೆ ಒಡೆಯುತ್ತದೆ. ಮೇಲೆ ಸಾಸಿವೆ ಒಗ್ಗರಣೆ. ಮಗಳು ಬಿಸಿ ಅನ್ನಕ್ಕೆ ಎರಡು ಸಲ ಹಾಕಿಸಿಕೊಂಡು, ಕೊನೆಗೆ ಲೋಟದಲ್ಲೂ ಕುಡಿದಳು. ಅಮ್ಮನೂ ಹಾಗೇ ಕುಡಿಯುತ್ತಿದ್ದರು.