ಬೋಟಿಗೆ 61 ದಿನ ರಜೆ, ನನ್ನ ಟ್ಯಾಂಕಿಗೆ 87

ಜೂನ್ 9

ಮೊದಲೇ ಹೇಳಿಬಿಡ್ತೇನೆ, ತಪ್ಪು ನಂದೇ. ಮೇ ಕೊನೇಲಿ ತಂದ ಪೌಡರ್ ಬ್ಲೂ ಟ್ಯಾಂಗ್ ಅನ್ನುವ ಕಡಲಮೀನನ್ನು ಕ್ವಾರಂಟೈನ್ ಎಂತದ್ದೂ ಮಾಡದೆ ಸೀದಾ ಮನೆಯ ಉಪ್ಪುನೀರಿನ ಅಕ್ವೇರಿಯಂಗೆ, ಅಂದ್ರೆ ಮೇನ್ ಟ್ಯಾಂಕಿಗೆ ಬಿಟ್ಟೆ. ನಂದು ನಾಲ್ಕಡಿ ಟ್ಯಾಂಕ್, ಆ ಮೀನಿಗೆ ಆರಡಿಯಾದ್ರೂ ಬೇಕು, ಅದೂ ಗೊತ್ತಿತ್ತು, ಅದರ ಮೈಗೆ ರೋಗ ಬೇಗ ಹತ್ತುತ್ತದೆ ಅಂತಲೂ ಗೊತ್ತಿತ್ತು, ಆದ್ರೆ ಅಂಗಡಿಯಲ್ಲಿ ಆ ನೀಲಿ ಬಣ್ಣ ನೋಡಿದ ಮೇಲೆ ಗೊತ್ತಿದ್ದದ್ದೆಲ್ಲ ಮರೆತುಹೋಯ್ತು ಮಾರಾಯ್ರೆ.

ಜೂನ್ 3ಕ್ಕೆ ರೆಕ್ಕೆ ಮೇಲೆ ಐದಾರು ಬಿಳಿ ಚುಕ್ಕಿ ಕಂಡಿತ್ತು. ಸಿಗಡಿಯನ್ನು ಬೆಳ್ಳುಳ್ಳಿ ರಸದಲ್ಲಿ ನೆನೆಸಿ ಹಾಕಿದೆ, 6ಕ್ಕೆ ನೋಡಿದ್ರೆ ಚುಕ್ಕಿ ಇಲ್ಲ, ನಾನು ಫುಲ್ ಖುಷಿ, ಇಬ್ಬರಿಗೆ ಫೋನ್ ಮಾಡಿ ಬೆಳ್ಳುಳ್ಳಿ ಮಹಿಮೆ ಹೇಳಿಯೂ ಆಯ್ತು. ಇವತ್ತು ಬೆಳಿಗ್ಗೆ ಲೈಟ್ ಹಾಕಿದ್ರೆ ಟ್ಯಾಂಗಿನ ಮೈ ತುಂಬಾ ಚುಕ್ಕಿ, ಕ್ಲೌನ್ ಮೀನಿನ ಜೋಡಿಯ ಮೇಲೂ ಉಂಟು. ಅಮ್ಮ ಕಾಫಿ ಲೋಟ ಹಿಡ್ಕೊಂಡು ಬಂದವರು ಬಗ್ಗಿ ನೋಡಿ, "ಎಂತ ಮಾರಾಯ, ಇದಕ್ಕೆ ರವೆ ಮೆತ್ತಿದ್ದು ಯಾರು, ಕಾವಲಿ ಇಡ್ಬೇಕಾ?" ಅಂದ್ರು. ನಗು ಬರ್ಲಿಲ್ಲ. ಆದ್ರೆ ಅವರು ಹೇಳಿದ್ದಕ್ಕಿಂತ ಸರಿಯಾಗಿ ಇದನ್ನು ವರ್ಣಿಸ್ಲಿಕ್ಕೆ ಆಗುದಿಲ್ಲ, ರವಾ ಫ್ರೈಗೆ ರೆಡಿಯಾದ ಬಂಗುಡೆ ಹಾಗೇ ಇತ್ತು. ರವೆ ಹಾಗೆ ಬಿಡಿಬಿಡಿ ಕಾಳು ಕಂಡ್ರೆ ಇಚ್ ಅನ್ನುವ ರೋಗ, ಮೈದಾ ಉದುರಿಸಿದ ಹಾಗೆ ನುಣ್ಣಗೆ ಕಂಡ್ರೆ ವೆಲ್ವೆಟ್ ಅನ್ನುವ ರೋಗ, ಎರಡನೇದು ಇನ್ನೂ ಬೇಗ ಕೊಲ್ಲುತ್ತದೆ. ನನ್ನದು ಇಚ್.

ಇದನ್ನು ತರುವ ಪರಾವಲಂಬಿ ಜೀವಿಯ ಪೂರ್ತಿ ಹೆಸರು ಕ್ರಿಪ್ಟೋಕಾರಿಯಾನ್ ಇರಿಟಾನ್ಸ್, ಹೆಸರಲ್ಲೇ ಇರಿಟೇಶನ್ ಉಂಟು. ಚುಕ್ಕಿ ಹೋದದ್ದು ಯಾಕೆ ಅಂದ್ರೆ ಬೆಳ್ಳುಳ್ಳಿಯಿಂದ ಅಲ್ಲ, ಅದರ ಹೊಟ್ಟೆ ತುಂಬಿತ್ತು ಅಷ್ಟೇ. ಮೀನಿನ ಚರ್ಮದ ಒಳಗೆ ಕೂತು 3ರಿಂದ 7 ದಿನ ತಿನ್ನುತ್ತದೆ, ಆಮೇಲೆ ತಾನೇ ಬಿಟ್ಟು ಕೆಳಗೆ ಬೀಳ್ತದೆ, ಮರಳಿಗೋ ಕಲ್ಲಿಗೋ ಗಾಜಿಗೋ ಅಂಟಿ ಗಟ್ಟಿ ಕೋಶ ಕಟ್ಟುತ್ತದೆ, ಅದರೊಳಗೆ ಒಂದು ಹೋಗಿ ನೂರಾರು ಆಗ್ತದೆ. ಆ ಮರಿಗಳು ಹೆಚ್ಚಾಗಿ ರಾತ್ರಿ ಬೆಳಗಿನ ಜಾವ ಹೊರಗೆ ಬರುದು, ಮೀನು ಕೆಳಗೆ ಕಲ್ಲಿನ ಸಂದಿಯಲ್ಲಿ ನಿದ್ದೆ ಮಾಡುವ ಹೊತ್ತು, ಎಂತಾ ಲೆಕ್ಕಾಚಾರ ನೋಡಿ. ಹೊರಗೆ ಬಂದ ಮೇಲೆ ಒಂದೆರಡು ದಿನದೊಳಗೆ ಮೀನು ಸಿಗದಿದ್ರೆ ಅವು ಸಾಯ್ತವೆ. ಮದ್ದು ತಾಗುದೂ ಈ ಈಜಾಡುವ ಹಂತದಲ್ಲಿ ಮಾತ್ರ, ಚರ್ಮದೊಳಗೆ ಇದ್ದದ್ದಕ್ಕೂ ತಾಗುದಿಲ್ಲ ಕೋಶಕ್ಕೂ ತಾಗುದಿಲ್ಲ. ಅಂದ್ರೆ ನಾನು ಬೆಳ್ಳುಳ್ಳಿ ಹಬ್ಬ ಮಾಡುವಾಗ ಅವು ಕೆಳಗೆ ಸಂಸಾರ ದೊಡ್ಡದು ಮಾಡ್ತಾ ಇದ್ದದ್ದು.

ಜೂನ್ 13

ಟ್ಯಾಂಗ್ ಹೋಯ್ತು. ಎರಡು ದಿನದಿಂದ ನೀರು ತಳ್ಳುವ ವೇವ್‌ಮೇಕರ್ ಪಂಪಿನ ಎದುರು ನಿಂತು ದಬದಬ ಉಸಿರಾಡ್ತಾ ಇತ್ತು, ಕಿವಿರಿಗೆ ಹೊಕ್ಕಿದ್ರೆ ಹಾಗೇ. ಚರ್ಮದ ಮೇಲೆ ಎಷ್ಟು ಚುಕ್ಕಿ ಅಂತ ಲೆಕ್ಕ ಮಾಡ್ತಾ ಕೂತದ್ದು ವೇಸ್ಟ್, ಉಸಿರು ಲೆಕ್ಕ ಮಾಡ್ಬೇಕಿತ್ತು. ರೇಟ್ ಹೇಳುದಿಲ್ಲ, ಅಮ್ಮ ಇದನ್ನು ಓದಿದ್ರೆ ಕಷ್ಟ.

ಜೂನ್ 14

ಇವತ್ತು ಉಳಿದ ಮೂರು ಮೀನನ್ನು ಹೊರಗೆ ತೆಗೆದೆ, ಎರಡು ಕ್ಲೌನ್ ಒಂದು ನೀಲಿ ಡ್ಯಾಮ್ಸೆಲ್. ಕ್ಲೌನ್ ಹತ್ತು ನಿಮಿಷದ ಕೆಲಸ. ಡ್ಯಾಮ್ಸೆಲ್ಲಿಗೆ ಎರಡು ಗಂಟೆ ಹಿಡಿಯಿತು, ಕಲ್ಲು ಒಂದೊಂದೇ ತೆಗೆದು ಬಾಲ್ದಿಗೆ ಹಾಕಿದೆ, ನೀರು ಅರ್ಧ ಖಾಲಿ ಮಾಡಿದೆ, ಬಲೆ ಎರಡೂ ಕಡೆಯಿಂದ ಹಿಡಿದೆ, ಮೀನು ಇಲ್ಲವೇ ಇಲ್ಲ, ಕೊನೆಗೆ ನೋಡಿದ್ರೆ ಅದು ಬಾಲ್ದಿಯಲ್ಲಿ, ತೆಗೆದಿಟ್ಟ ಕಲ್ಲಿನ ತೂತಿನೊಳಗೇ ಆರಾಮ ಕೂತಿದೆ.

ಆಸ್ಪತ್ರೆ ಟ್ಯಾಂಕಿಗೆ, ಅಂದ್ರೆ ಮದ್ದು ಕೊಡ್ಲಿಕ್ಕೆ ಬೇರೆ ಇಟ್ಟ ಟಬ್ಬಿಗೆ ಹಾಕುವ ಮೊದಲು ಸಿಹಿನೀರಿನ ಡಿಪ್ ಕೊಟ್ಟೆ, ಸ್ವಲ್ಪ ಹೊತ್ತು ಅದರಲ್ಲಿ ಬಿಡುದು. ಆರ್‌ಒ ನೀರು, ಚಿಟಿಕೆ ಅಡುಗೆ ಸೋಡಾ ಹಾಕಿ ಪಿಎಚ್ ಮೇಲೆ ತಂದು, ಟ್ಯಾಂಕಿನಷ್ಟೇ ಬಿಸಿ ಇರುವ ಹಾಗೆ ನೋಡಿಕೊಂಡು, ಗಾಳಿ ಗುಳ್ಳೆ ಬರುವ ಏರ್ ಸ್ಟೋನ್ ಬಿಟ್ಟು, 5 ನಿಮಿಷ. ಡಿಪ್ಪಿನಿಂದ ಇಚ್ ಹೋಗುದಿಲ್ಲ, ಅದು ಚರ್ಮದ ಒಳಗೆ ಉಂಟಲ್ಲ, ನಾನು ಮಾಡಿದ್ದು ಬೇರೆ ಅನುಮಾನಕ್ಕೆ. ಕಪ್ಪು ಟಬ್ ತಗೊಂಡದ್ದು ಒಳ್ಳೇದಾಯ್ತು. ದೊಡ್ಡ ಕ್ಲೌನ್ ಮೊದಲ ಅರ್ಧ ನಿಮಿಷ ಅಡ್ಡ ಮಲಗಿತು, ನನ್ನ ಎದೆ ಡವಡವ, ಆಮೇಲೆ ಸುಧಾರಿಸಿತು. ಮೂರನೇ ನಿಮಿಷಕ್ಕೆ ಅದರ ಹೊಟ್ಟೆಯ ಹತ್ತಿರ, ಮೊದಲು ಎಂತದ್ದೂ ಕಾಣದ ಜಾಗದಲ್ಲಿ, ಎಳ್ಳಿನಷ್ಟು ದೊಡ್ಡ ಒಂದು ಚಪ್ಪಟೆ ಬಿಲ್ಲೆ ಬೆಳ್ಳಗಾಗ್ತಾ ಬಂತು, ಅಂಚು ಎದ್ದು ನೀರಲ್ಲಿ ಪಟಪಟ ಆಡಿತು, ಬಿತ್ತು. ಮತ್ತೆ ಇನ್ನೊಂದು. ಒಟ್ಟು ಏಳು. ಫ್ಲೂಕ್! ಮೀನಿನ ಮೈಗೆ ಅಂಟುವ ಚಪ್ಪಟೆ ಹುಳ. ಉಪ್ಪುನೀರಲ್ಲಿ ಇರುವಾಗ ಗಾಜಿನ ಹಾಗೆ ಪಾರದರ್ಶಕ, ಸಿಹಿನೀರು ತಾಗಿದ ಮೇಲೆಯೇ ಬಿಳಿ ಆಗಿ ಕಾಣುದು. ಒಂದು ರೋಗಕ್ಕೆ ಹೊರಟವನಿಗೆ ಎರಡು ಸಿಕ್ಕಿತು.

ಮೇನ್ ಟ್ಯಾಂಕಲ್ಲಿ ಈಗ ಸಿಗಡಿ, ಬಸವನಹುಳ, ಹರ್ಮಿಟ್ ಏಡಿ ಮಾತ್ರ. ಇವುಗಳ ಮೇಲೆ ಇಚ್ ಬದುಕುದಿಲ್ಲ, ಹಾಗಾಗಿ ಮೀನಿಲ್ಲದೆ ಖಾಲಿ ಬಿಟ್ರೆ ಅದು ಉಪವಾಸ ಬಿದ್ದು ಸಾಯ್ತದೆ. ಎಷ್ಟು ದಿನ? ಕೋಶ 72 ದಿನ ಕಳೆದು ಒಡೆದದ್ದೂ ಉಂಟು, ಅದಕ್ಕೆ 76 ದಿನ ಅಂತ ಹಳಬರ ಲೆಕ್ಕ. ನೀರು 27 ಡಿಗ್ರಿ ಇದ್ರೆ 45 ದಿನ ಸಾಕು ಅಂತ ಈಗ ಸುಮಾರು ಜನ ಹೇಳ್ತಾರೆ, ಇರಬಹುದು, ನನಗೆ ಇನ್ನೊಂದು ಸಲ ಈ ಕಲ್ಲು ತೆಗೆಯುವ ತ್ರಾಣ ಇಲ್ಲ. ಆಗಸ್ಟ್ 29ಕ್ಕೆ ಕ್ಯಾಲೆಂಡರಲ್ಲಿ ಗೀಟು ಹಾಕಿದೆ. ಮಲ್ಪೆ, ಮಂಗಳೂರು ಬಂದರಲ್ಲಿ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ನನ್ನ ಟ್ಯಾಂಕಿಗೆ ಅದಕ್ಕಿಂತ 15 ದಿನ ಹೆಚ್ಚು.

ಜೂನ್ 15

ಪುತ್ತೂರಿಂದ ಮಾವ ಬಂದಿದ್ರು. ತಾಮ್ರದ ಮದ್ದು ಹಾಕ್ಬೇಕು ಅಂತ ಹೇಳಿದ್ದೇ ತಡ, "ಅದಕ್ಕೆ ದುಡ್ಡು ಕೊಡುದಾ? ನಮ್ಮಲ್ಲಿ ಅಡಿಕೆಗೆ ಬಿಡ್ಲಿಕ್ಕೆ ತಂದ ಮೈಲುತುತ್ತು ಚೀಲಗಟ್ಟಲೆ ಉಂಟು, ಒಂದು ಚಿಟಿಕೆ ಹಾಕು" ಅಂದ್ರು. ಮಾವ ಹೇಳಿದ್ದು ಪೂರಾ ತಪ್ಪೇನಲ್ಲ, ಅಡಿಕೆಯ ಕೊಳೆರೋಗವನ್ನೂ ಇಚ್ಚನ್ನೂ ಕೊಲ್ಲುದು ಅದೇ ತಾಮ್ರ. ಇಬ್ಬರೂ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆವು. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, ಅದರಲ್ಲಿ ತಾಮ್ರ ಕಾಲು ಭಾಗ, ಅಂದ್ರೆ 2500 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಚಿಲ್ಲರೆ. ಮೀನಿಗೆ ಈ ಬಿಡಿ ತಾಮ್ರ ಬೇಕಾದ್ದು 0.2 ಪಿಪಿಎಂ. ನನ್ನ 80 ಲೀಟರ್ ಟಬ್ಬಿಗೆ ಮೈಲುತುತ್ತು 63 ಮಿಲಿಗ್ರಾಂ ಆಯ್ತು. "63 ಮಿಲಿಗ್ರಾಂ ಅಂದ್ರೆ ಎಷ್ಟು?" ಮಾವ ಕೇಳಿದ್ರು, ನಾನು ಟೇಬಲ್ ಮೇಲೆ ನಾಲ್ಕು ಕಾಳು ಕಲ್ಲುಪ್ಪು ಇಟ್ಟು ತೋರಿಸಿದೆ, ಅದೂ ಅಂದಾಜು. ಅವರು ಸ್ವಲ್ಪ ಹೊತ್ತು ನೋಡಿ "ಹಾಗಾದ್ರೆ ನೀನು ದುಡ್ಡು ಕೊಟ್ಟೇ ತಾ" ಅಂದ್ರು. ತೋಟದ ಚೀಲದಲ್ಲಿ ಬೇರೆ ಎಂತೆಂತ ಬೆರಕೆ ಉಂಟೋ, ಅದೂ ಒಂದು ಹೆದರಿಕೆ.

ನಾನು ತಗೊಂಡದ್ದು ಕೀಲೇಟೆಡ್ ತಾಮ್ರ, ಇದು ಕಟ್ಟಿಹಾಕಿದ ತಾಮ್ರ, ಮೆಲ್ಲ ಕೆಲಸ ಮಾಡ್ತದೆ, ಹಾಗಾಗಿ ಇದರ ಅಳತೆಯೇ ಬೇರೆ, 2ರಿಂದ 2.5 ಪಿಪಿಎಂ. ಎರಡರ ಲೆಕ್ಕ ಅದಲು ಬದಲು ಮಾಡಿದ್ರೆ ಒಂದೋ ಇಚ್ಚಿಗೆ ಎಂತದ್ದೂ ಆಗುದಿಲ್ಲ, ಇಲ್ಲ ಮೀನೇ ಹೋಗ್ತದೆ. ಟೆಸ್ಟ್ ಕಿಟ್ಟೂ ಆ ರೇಂಜಿಂದೇ ಬೇಕು.

ಜೂನ್ 18

ತಾಮ್ರ ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪ ಏರಿಸಿ ಇವತ್ತು 2.25 ಪಿಪಿಎಂಗೆ ಬಂತು. ಇಲ್ಲಿಂದ 30 ದಿನ ಇದೇ ಮಟ್ಟ, ಒಂದು ದಿನ 2ಕ್ಕಿಂತ ಕೆಳಗೆ ಹೋದ್ರೂ ಲೆಕ್ಕ ಮತ್ತೆ ಒಂದರಿಂದ. ಟಬ್ಬಲ್ಲಿ ಕಲ್ಲಿಲ್ಲ ಮರಳಿಲ್ಲ, ಅವು ತಾಮ್ರ ಹೀರ್ತವೆ. ಅಡಗಿಕೊಳ್ಳಲಿಕ್ಕೆ ಪಿವಿಸಿ ಪೈಪಿನ ತುಂಡು. ಡ್ಯಾಮ್ಸೆಲ್ ಒಂದು ಎಲ್ಬೋ ಹಿಡ್ಕೊಂಡು ಕೂತಿದೆ, ಯಾರನ್ನೂ ಹತ್ತಿರ ಬಿಡುದಿಲ್ಲ, ರೋಗದಲ್ಲೂ ಜಂಬ.

ಜೂನ್ 25

ಆಗಬಾರದ್ದು ಆಯ್ತು. ರಾತ್ರಿ ಗುಡುಗು ಸಿಡಿಲು, ಕರೆಂಟಿಲ್ಲ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಬ್ಯಾಟರಿ ಏರ್ ಪಂಪ್ ಸಿಕ್ಕಿಸ್ತಾ ಇದ್ದೆ, ಅದರ ಮಧ್ಯ ಆಸ್ಪತ್ರೆ ಟಬ್ಬಿನ ಮಗ್ಗನ್ನು ಮೇನ್ ಟ್ಯಾಂಕಿಗೆ ಅದ್ದಿಬಿಟ್ಟೆ. ಒಂದು ಗುಟುಕು ನೀರು ಹೋಗಿರಬಹುದು. ಅದರಲ್ಲಿ ಒಂದು ಮರಿ ಇದ್ರೂ ಸಾಕಲ್ಲ, ಅಲ್ಲ ಅಷ್ಟು ತಾಮ್ರದಲ್ಲಿ ಅದು ಬದುಕಿರ್ಲಿಕ್ಕಿಲ್ಲ, ಅಲ್ಲ ಈಗಷ್ಟೇ ಮೀನಿಂದ ಬಿದ್ದದ್ದು ಇರಬಹುದು, ಅದಕ್ಕೆ ತಾಮ್ರ ತಾಗುದಿಲ್ಲ, ಹೀಗೆ ಎರಡು ಗಂಟೆಯವರೆಗೆ ನಿದ್ದೆಯಿಲ್ಲ. ಬೆಳಿಗ್ಗೆ ಎದ್ದು ಆಗಸ್ಟ್ 29ರ ಗೀಟು ಹೊಡೆದು ಹಾಕಿ ಸೆಪ್ಟೆಂಬರ್ 9ಕ್ಕೆ ಹೊಸ ಗೀಟು ಹಾಕಿದೆ. ಹನ್ನೊಂದು ದಿನ ನೀರಲ್ಲಿ ಹೋಮ. ಮಗ್ಗಿಗೆ ಈಗ ಕೆಂಪು ಟೇಪ್ ಸುತ್ತಿದ್ದೇನೆ, ಬಲೆಗೂ.

ಜುಲೈ 6

ಕೊಂದುಬಿಡುದು ಇಚ್ ಮಾತ್ರ ಅಲ್ಲ, ಮೀನಿನ ಗಲೀಜಿಂದ ಆಗುವ ಅಮೋನಿಯಾ ಕೂಡ. ಸ್ಪಂಜ್ ಫಿಲ್ಟರ್ ಇನ್ನೂ ಪಳಗಿಲ್ಲ, ಹಾಕಿದ ತಿಂಡಿಯೆಲ್ಲ ನೀರಲ್ಲಿ. ಅಮೋನಿಯಾ ಕಟ್ಟುವ ಬಾಟ್ಲಿ ಮದ್ದು ಮನೇಲಿತ್ತು, ಆದ್ರೆ ತಾಮ್ರ ಇರುವಾಗ ಅದನ್ನು ಹಾಕಬಾರದು, ಕಟ್ಟಿಹಾಕಿದ ತಾಮ್ರ ಬಿಚ್ಚಿ ವಿಷ ಆಗ್ತದೆ. ಹಾಗಾಗಿ ದಿನಾ ನೀರು ಬದಲು, ಹೊಸ ನೀರಿಗೂ ಅಷ್ಟೇ ತಾಮ್ರ ಮೊದಲೇ ಬೆರೆಸಿ. ಬೇಸಿಗೆ ಆಗಿದ್ರೆ ಸುರತ್ಕಲ್ ಕಡೆಯಿಂದ ಸಮುದ್ರದ ನೀರು ತರ್ತಿದ್ದೆ, ಈಗ ನೇತ್ರಾವತಿ ಫಲ್ಗುಣಿ ಎರಡೂ ಕೆಂಪು ನೀರು ತಂದು ಸುರೀತಾ ಉಂಟು, ಕಡಲು ಚಾಯ ಹಾಗೆ ಕಾಣ್ತದೆ. ಪ್ಯಾಕೆಟ್ ಉಪ್ಪೇ ಗತಿ.

ಮೀನಿನ ಮೈ ಕ್ಲೀನ್. ಈ ಸಲ ನಂಬುದಿಲ್ಲ.

ಜುಲೈ 24

18ಕ್ಕೆ 30 ದಿನ ಆಯ್ತು, ನೀರು ಬದಲಿಸಿ ಕಾರ್ಬನ್ ಹಾಕಿ ತಾಮ್ರ ತೆಗೆದೆ. ಇವತ್ತು ಫ್ಲೂಕಿಗೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. ಇದು ಹುಳದ ಮದ್ದೇ, ಮನುಷ್ಯರಿಗೂ ಕೊಡ್ತಾರೆ. ಮನೇಲಿ ಇದೇ ಹೊತ್ತಿಗೆ ಆಟಿ ಅಮಾವಾಸ್ಯೆ, ಅಮ್ಮ ಬೆಳಿಗ್ಗೆ ಬೆಳಿಗ್ಗೆ ಪಾಲೆ ಕೆತ್ತೆಯ (ಹಾಲೆಮರದ ತೊಗಟೆ) ಕಷಾಯ ಕುಡಿಸಿದ್ರು, ಆ ಕಹಿ ಇನ್ನೂ ನಾಲಗೆಯಲ್ಲಿ ಇರುವಾಗಲೇ ನಾನು ಟಬ್ಬಿಗೆ ಮದ್ದು ಕದಡಿದೆ. ನಮಗೆ ಮೇಲಿಂದ ಮೆಂತೆ ಗಂಜಿ ಸಿಕ್ಕಿತು, ಮೀನಿಗೆ ಇಲ್ಲ. ಪ್ರಾಜಿ ಹಾಕಿದ್ರೆ ಬ್ಯಾಕ್ಟೀರಿಯಾ ಹೆಚ್ಚಿ ಆಕ್ಸಿಜನ್ ಕಮ್ಮಿಯಾಗ್ತದೆ, ಎರಡು ಏರ್ ಸ್ಟೋನ್ ಬೇಕು. ಫ್ಲೂಕಿನ ಮೊಟ್ಟೆಗೆ ಈ ಮದ್ದು ತಾಗುದಿಲ್ಲ, ಒಡೆದು ಮರಿ ಬಂದ ಮೇಲೆ ಇನ್ನೊಂದು ಸಲ, 31ಕ್ಕೆ.

ಆಗಸ್ಟ್ 1

ನಿಷೇಧ ಮುಗೀತು, ಬೋಟುಗಳು ಹೊರಟವು. ನನ್ನ ಎರಡನೇ ಲೆಕ್ಕದಲ್ಲಿ ಇವತ್ತು ಬರೇ 37ನೇ ದಿನ.

ಖಾಲಿ ಟ್ಯಾಂಕ್ ನೋಡಿ ಬೇಜಾರಾಗ್ತದೆ ಅಂದ್ಕೊಂಡಿದ್ದೆ, ಹಾಗಿಲ್ಲ. ರಾತ್ರಿ ಟಾರ್ಚ್ ಬಿಟ್ರೆ ಗಾಜಿನ ಮೇಲೆಲ್ಲ ಕೋಪೆಪಾಡ್ ಅನ್ನುವ ಸಣ್ಣ ಸಣ್ಣ ಜೀವಿ, ಧೂಳಿನ ಕಣ ಜೀವ ಬಂದು ಓಡಾಡಿದ ಹಾಗೆ. ಮೀನಿದ್ದಾಗ ಇವು ಕಾಣ್ತಲೇ ಇರ್ಲಿಲ್ಲ. ಎರಡು ದಿನಕ್ಕೊಮ್ಮೆ ಮರುವಾಯಿ ಚಿಪ್ಪಿನ ಮಾಂಸದ ಒಂದು ಚೂರು ಹಾಕ್ತೇನೆ, ಸಿಗಡಿ ಮತ್ತೆ ಏಡಿ ಅದಕ್ಕೆ ಕಿತ್ತಾಡ್ತವೆ.

ಸೆಪ್ಟೆಂಬರ್ 10

ನಿನ್ನೆಗೆ 76. ಇವತ್ತು ಮೂರನ್ನೂ ವಾಪಸ್ ಬಿಟ್ಟೆ, ಬಿಡುವ ಮೊದಲು ಮತ್ತೊಮ್ಮೆ ಕಪ್ಪು ಟಬ್ಬಲ್ಲಿ 5 ನಿಮಿಷ ಡಿಪ್, ಎಂತದ್ದೂ ಬೀಳ್ಲಿಲ್ಲ. ಕ್ಲೌನ್‌ಗಳು ಸೀದಾ ಹಳೇ ಮೂಲೆಗೆ ಹೋದವು, ಪಂಪಿನ ಹಿಂದಿನದ್ದು. ಡ್ಯಾಮ್ಸೆಲ್ ಮಾತ್ರ ಅರ್ಧ ಗಂಟೆ ಎಲ್ಬೋ ಹುಡುಕಿತು, ಪಾಪ ಅಂತ ಆ ಎಲ್ಬೋವನ್ನೇ ಒಳಗೆ ಇಡ್ಲಿಕ್ಕೆ ಹೊರಟವ ಅರ್ಧದಲ್ಲಿ ಕೈ ಹಿಂದೆ ತೆಗೆದೆ, ಒಂದು ತಿಂಗಳು ತಾಮ್ರದಲ್ಲಿ ಇದ್ದದ್ದು ಅದು, ಸಿಗಡಿಗಳು ಹೋಗಿಬಿಡ್ತಿದ್ದವು. ಹೊಸ ಎಲ್ಬೋ ತಂದೆ, 20 ರೂಪಾಯಿ.

ಸೆಪ್ಟೆಂಬರ್ 19

ನಿನ್ನೆ ಸಂಜೆ ಡ್ಯಾಮ್ಸೆಲ್ ಮೈಯನ್ನು ಒಂದು ಸಲ ಕಲ್ಲಿಗೆ ಉಜ್ಜಿತು. ಒಂದೇ ಸಲ. ನಾನು ಊಟ ಬಿಟ್ಟು ಭೂತಗನ್ನಡಿ ಹಿಡ್ಕೊಂಡು ಕೂತೆ. ಬೆಳಿಗ್ಗೆ ಆರಕ್ಕೆ ಲೈಟ್ ಹಾಕುವ ಮೊದಲೇ ಟಾರ್ಚಲ್ಲಿ ನೋಡಿದೆ, ರೆಕ್ಕೆ ಕ್ಲೀನ್, ಉಸಿರು ಸರಿ ಉಂಟು, ಮರುವಾಯಿ ಹಾಕಿದ್ರೆ ಕೈಗೇ ಕಚ್ಚಲಿಕ್ಕೆ ಬಂತು. ಅಮ್ಮ ಹಿಂದಿನಿಂದ "ರವೆ ಉಂಟಾ?" ಕೇಳಿದ್ರು. ಇಲ್ಲ ಅಂದೆ. "ಹಾಗಾದ್ರೆ ಆ ಕಪ್ಪು ಟಬ್ ಕೊಡು, ಮಾವ ಬಾಳೆದಿಂಡು ಕಳಿಸಿದ್ದಾರೆ, ಕೊಯ್ದು ನೀರಲ್ಲಿ ಹಾಕ್ಲಿಕ್ಕೆ." ಅದರಲ್ಲಿ ತಾಮ್ರ ಹಾಕಿರ್ಲಿಲ್ಲ, ಡಿಪ್ಪಿಗೆ ಮಾತ್ರ ಬಳಸಿದ್ದು, ಆದ್ರೂ ಕೊಡ್ಲಿಲ್ಲ. ಹೊಸತು ತಂದುಕೊಡ್ತೇನೆ ಅಂದಿದ್ದೇನೆ.