ಉರ್ ಆಟದ ಅಸಲಿ ರೂಲ್ಸ್ ಯಾವುದು?

ನಮ್ಮ ಮನೆಗೆ ಬಂದವರು ಆ ಮಣೆ ನೋಡಿದ ಕೂಡಲೇ ಕೇಳುವ ಪ್ರಶ್ನೆ ಇದು. ಒಂದೆರಡು ಸಲ ಆಡಿದ ಮೇಲೆ ಪ್ರಶ್ನೆ ಇನ್ನೂ ಚೂಪಾಗುತ್ತದೆ. "ಹೋದ ಸಲ ಬೇರೆ ಥರ ಆಡಿಸಿದ್ರಲ್ಲ? ಹೀಗೆ ಮನಸ್ಸಿಗೆ ಬಂದ ಹಾಗೆ ರೂಲ್ಸ್ ಬದಲಾಯಿಸಿದ್ರೆ ಅದು ಅದೇ ಆಟ ಹೇಗಾಗುತ್ತೆ?" ಎದುರಿಗೆ ಕೂತವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಮೊದಲು ಮಣೆಯ ಪರಿಚಯ. ಇರಾಕಿನ ದಕ್ಷಿಣದಲ್ಲಿ ಉರ್ ಅನ್ನುವ ಹಳೇ ಸುಮೇರಿಯನ್ ಪಟ್ಟಣ ಇತ್ತು. ಲಿಯೊನಾರ್ಡ್ ವೂಲಿ ಎಂಬ ಬ್ರಿಟಿಷ್ ಪುರಾತತ್ವಜ್ಞ 1922ರಿಂದ 1934ರವರೆಗೆ ಅಲ್ಲಿ ಅಗೆಸಿದ. ರಾಜಮನೆತನದ ಗೋರಿಗಳಲ್ಲಿ ಚಿನ್ನ, ವೀಣೆಯಂಥ ವಾದ್ಯ, ಒಡವೆಗಳ ಜೊತೆ ಆಟದ ಮಣೆಗಳೂ ಸಿಕ್ಕವು. ಚಿಪ್ಪು, ಕೆಂಪು ಸುಣ್ಣದಕಲ್ಲು, ನೀಲಿ ಲಾಜವರ್ದ ಕಲ್ಲು ಕೂರಿಸಿ ಮಾಡಿದ ಮಣೆಗಳು. ಕ್ರಿಸ್ತಪೂರ್ವ 2600-2400ರ ಆಸುಪಾಸಿನವು. ಅವುಗಳಲ್ಲಿ ಹೆಸರುವಾಸಿಯಾದದ್ದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಒಟ್ಟು 20 ಮನೆ. ಒಂದು ತುದಿಯಲ್ಲಿ ಮೂರು ಸಾಲು, ಸಾಲಿಗೆ ನಾಲ್ಕು ಮನೆ. ಇನ್ನೊಂದು ತುದಿಯಲ್ಲೂ ಮೂರು ಸಾಲು, ಆದರೆ ಸಾಲಿಗೆ ಎರಡೇ ಮನೆ. ಇವೆರಡನ್ನೂ ಜೋಡಿಸುವ ಎರಡು ಮನೆಯ ಸೇತುವೆ ನಡುವೆ. ಐದು ಮನೆಗಳಲ್ಲಿ ಹೂವಿನ ಗುರುತು. ನಮ್ಮ ಮನೆಯ ಮಣೆ ಇದೇ ಅಳತೆಗೆ ರಟ್ಟಿನ ಮೇಲೆ ಗೆರೆ ಹಾಕಿದ್ದು, ಅಷ್ಟೇ.

ಈಗ ಪ್ರಶ್ನೆಗೆ ಬರೋಣ. ಗೋರಿಯಲ್ಲಿ ಮಣೆ ಸಿಕ್ಕಿತು, ಕಾಯಿ ಸಿಕ್ಕವು, ದಾಳ ಸಿಕ್ಕವು. ರೂಲ್ಸ್ ಸಿಗಲಿಲ್ಲ. ಅವರೆಲ್ಲ ಬಾಯಿಂದ ಬಾಯಿಗೆ ಕಲಿತವರು. ನಮ್ಮಲ್ಲಿ ಚೌಕಾಬಾರವನ್ನು ಯಾರಾದರೂ ಪುಸ್ತಕ ಓದಿ ಕಲಿತಿದ್ದಾರಾ?

ಹಾಗಾದರೆ ಇಂಟರ್ನೆಟ್ಟಿನಲ್ಲಿ ಸಿಗುವ ರೂಲ್ಸ್ ಎಲ್ಲಿಂದ ಬಂತು? ಅದು ಬಂದದ್ದು ಒಂದು ಮಣ್ಣಿನ ಫಲಕದಿಂದ. ಕ್ರಿಸ್ತಪೂರ್ವ 177ರ ಸುಮಾರಿಗೆ ಬ್ಯಾಬಿಲೋನಿನ ಇತ್ತಿ-ಮರ್ದುಕ್-ಬಲಾಟು ಎಂಬ ಲಿಪಿಕಾರ ಬರೆದದ್ದು. ಬ್ರಿಟಿಷ್ ಮ್ಯೂಸಿಯಂನ ಇರ್ವಿಂಗ್ ಫಿಂಕೆಲ್ 1980ರ ದಶಕದಲ್ಲಿ ಇದನ್ನು ಓದಿ, ಇದು 20 ಮನೆಯ ಆಟದ ವಿಷಯ ಅಂತ ಗುರುತಿಸಿದರು. ಇಂಥದ್ದೇ ಇನ್ನೊಂದು ಫಲಕ ಖಾಸಗಿ ಸಂಗ್ರಹದಲ್ಲಿತ್ತು. ಅದು ಮೊದಲ ಮಹಾಯುದ್ಧದಲ್ಲಿ ನಾಶವಾಯಿತು, ಪುಣ್ಯಕ್ಕೆ ಫೋಟೋ ಉಳಿದಿತ್ತು.

ಇಲ್ಲಿ ತಾರೀಖು ಗಮನಿಸಿ. ಮಣೆಗೂ ಫಲಕಕ್ಕೂ ನಡುವೆ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ. ಅಷ್ಟರಲ್ಲಿ ಆಟ ಸುಮ್ನೆ ಕೂತಿರಲಿಲ್ಲ. ಉರ್‌ನಲ್ಲಿ ತಲಾ 7 ಕಾಯಿ ಇದ್ದರೆ, ಫಲಕದಲ್ಲಿ 5. ಅವಕ್ಕೆ ಹಕ್ಕಿಗಳ ಹೆಸರು ಬೇರೆ: ಕಾಗೆಯಂಥದ್ದು, ಹುಂಜ, ಹದ್ದು ಹೀಗೆ. ಒಂದೊಂದು ಹಕ್ಕಿ ಮಣೆಗೆ ಇಳಿಯಲು ಒಂದೊಂದು ಗರ ಬೀಳಬೇಕು. ಉರ್‌ನಲ್ಲಿ ಪಿರಮಿಡ್ಡಿನ ಆಕಾರದ ದಾಳ. ಫಲಕದ ಕಾಲಕ್ಕೆ ಕುರಿ ಮತ್ತು ಎತ್ತಿನ ಗೆಣ್ಣಿನ ಮೂಳೆ. ಮಣೆಯ ಆಕಾರವೂ ಬದಲಾಗಿತ್ತು. ಚಿಕ್ಕ ತುದಿಯ ಮೂರು ಸಾಲು ಹೋಗಿ, ನಡುಸಾಲೇ ಉದ್ದಕ್ಕೆ ಬಾಲದ ಹಾಗೆ ಚಾಚಿಕೊಂಡಿತ್ತು. ಅಂದರೆ ನಾವು ಇವತ್ತು ಆಡುವುದು ಹಳೇ ಮಣೆಯ ಮೇಲೆ, ತೀರಾ ಈಚಿನ ರೂಲ್ಸ್ ಸರಳ ಮಾಡಿಕೊಂಡು. ಅದೇ ಒಂದು ಪ್ರಯೋಗ. ಒಳ್ಳೇ ಪ್ರಯೋಗವೇ, ನನ್ನ ತಕರಾರಿಲ್ಲ. ಆದರೆ ಅದನ್ನು "ಅಸಲಿ" ಅಂದುಬಿಟ್ಟರೆ ನನಗೆ ಮೈ ಉರಿಯುತ್ತದೆ.

ಆ ಸರಳ ರೂಲ್ಸ್ ಹೀಗಿದೆ. ನಿಮ್ಮ ಬದಿಯ ನಾಲ್ಕು ಮನೆ ನಡೆಯಬೇಕು, ನಡುಸಾಲಿಗೆ ಇಳಿದು ಅದರ ಎಂಟು ಮನೆ ದಾಟಬೇಕು, ಮತ್ತೆ ನಿಮ್ಮ ಬದಿಗೆ ತಿರುಗಿ ಎರಡು ಮನೆ ನಡೆದು ಹೊರಗೆ ಹೋಗಬೇಕು. ಒಟ್ಟು 14 ಮನೆ. ನಡುಸಾಲು ಇಬ್ಬರಿಗೂ ಸೇರಿದ್ದು, ಕಡಿಯುವುದೆಲ್ಲ ಅಲ್ಲೇ. ಹೂವಿನ ಮನೆಗೆ ಬಂದರೆ ಇನ್ನೊಂದು ಸಲ ದಾಳ ಹಾಕಬಹುದು. ನಡುಸಾಲಿನ ಹೂವಿನ ಮೇಲೆ ಕೂತ ಕಾಯಿಯನ್ನು ಕಡಿಯುವಂತಿಲ್ಲ. ಹೊರಗೆ ಹೋಗಲು ಸರಿಯಾದ ಗರವೇ ಬೀಳಬೇಕು. ಒಂದು ಮನೆಯಲ್ಲಿ ಒಂದೇ ಕಾಯಿ. ಚೌಕಾಬಾರ ಆಡಿದವರಿಗೆ ಕಲಿಯಲು ಐದು ನಿಮಿಷ ಬೇಡ.

ದಾಳ ನಾಲ್ಕು. ಒಂದೊಂದಕ್ಕೂ ನಾಲ್ಕು ಮೂಲೆ, ಅದರಲ್ಲಿ ಎರಡಕ್ಕೆ ಗುರುತು. ಗುರುತಿನ ಮೂಲೆ ಮೇಲೆ ಬಂದ ದಾಳಗಳನ್ನು ಎಣಿಸಿದರೆ ಅದೇ ಗರ, ಸೊನ್ನೆಯಿಂದ ನಾಲ್ಕರವರೆಗೆ. ಲೆಕ್ಕ ಹಾಕಿದರೆ 16ರಲ್ಲಿ 6 ಸಲ ಎರಡು ಬೀಳಬೇಕು. ಒಂದು ಮತ್ತು ಮೂರು ತಲಾ 4 ಸಲ. ನಾಲ್ಕು ಒಂದೇ ಸಲ, ಸೊನ್ನೆಯೂ ಒಂದೇ ಸಲ. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ರೂಲ್ಸ್ ಬದಲಾಯಿಸುವುದು ಒಂದೊಂದಾಗಿ. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ನಡುಸಾಲಿನ ಹೂವನ್ನೇ ತೆಗೆದುಕೊಳ್ಳಿ. ದಾರಿಯಲ್ಲಿ ಅದು ಎಂಟನೇ ಮನೆ. ಅಲ್ಲಿ ಕೂತವರಿಗೆ ಅಪಾಯ ಇಲ್ಲ ಅನ್ನುವ ರೂಲ್ ಇಟ್ಟರೆ ಕೂತವರು ಏಳುವುದೇ ಇಲ್ಲ. ಯಾಕೆ ಏಳಬೇಕು? ಮುಂದಿನ ನಾಲ್ಕು ಮನೆ, ಅಂದರೆ 9ರಿಂದ 12, ಪೂರ್ತಿ ಅವರ ಕೈಯಳತೆಯಲ್ಲಿದೆ. ಎದುರಾಳಿಯ ಕಾಯಿ ಯಾವುದು ದಾಟಿ ಹೋದರೂ ಹಿಂದಿನಿಂದ ಕಡಿಯಬಹುದು. ಎದುರಾಳಿಗೆ ಆ ಹೂವೂ ಸಿಗದು, ಇನ್ನೊಂದು ಸಲ ಹಾಕುವ ಅವಕಾಶವೂ ಸಿಗದು. ಆಟದ ಅರ್ಧ ಜಗಳ ಆ ಒಂದು ಮನೆಗೆ.

ಅದೇ ಮನೆಯ ರಕ್ಷಣೆ ತೆಗೆದು ನೋಡಿ. ಇನ್ನೊಂದು ಸಲ ಹಾಕುವ ಆಸೆಗೆ ಎಲ್ಲರೂ ಬರುತ್ತಾರೆ, ಬಂದವರು ಕೂತಲ್ಲಿ ಚಡಪಡಿಸುತ್ತಾರೆ. ಆಗ ಮೇಲಿನ ಲೆಕ್ಕ ಕೆಲಸಕ್ಕೆ ಬರುತ್ತದೆ. ನಿಮ್ಮ ಹಿಂದೆ ಎರಡು ಮನೆ ದೂರದಲ್ಲಿ ಶತ್ರು ಇದ್ದರೆ 16ರಲ್ಲಿ 6 ಸಲ ನೀವು ಸತ್ತಿರಿ. ನಾಲ್ಕು ಮನೆ ದೂರದಲ್ಲಿದ್ದರೆ ಬರೀ ಒಂದು ಸಲ. ರಕ್ಷಣೆ ಇದ್ದಾಗ ಯಾರೂ ಈ ದೂರ ಎಣಿಸುತ್ತಿರಲಿಲ್ಲ. ತೆಗೆದ ಕೂಡಲೇ ಮಕ್ಕಳೂ ಬೆರಳಿಟ್ಟು ಎಣಿಸತೊಡಗಿದರು. ನನಗೆ ಈ ಎರಡನೇ ಆಟವೇ ಇಷ್ಟ. ಮನೆಯಲ್ಲಿ ಬಹುಮತ ಮೊದಲನೆಯದಕ್ಕೆ.

ಇನ್ನು ಕವಡೆ. ಪಿರಮಿಡ್ ದಾಳ ಮಾಡುವುದು ಕಿರಿಕಿರಿ, ಅಂಗಡಿಯಲ್ಲೂ ಸಿಗುವುದಿಲ್ಲ. ನಾಲ್ಕು ಕವಡೆ ಹಾಕಿ, ಬಾಯಿ ಮೇಲಾಗಿ ಬಿದ್ದವನ್ನು ಎಣಿಸಿದರೆ ಆಯಿತಲ್ಲ? ಲೆಕ್ಕ ಹೆಚ್ಚೂಕಡಿಮೆ ಅದೇ. ಕವಡೆಯ ಎರಡೂ ಕಡೆ ಒಂದೇ ತೂಕ ಇರುವುದಿಲ್ಲ, ಹಾಗಾಗಿ ಒಂದೊಂದು ಜೊತೆ ಕವಡೆಗೆ ಒಂದೊಂದು ಚಾಳಿ. ಇಲ್ಲಿವರೆಗೆ ಸರಿ. ಆದರೆ ನಮ್ಮ ಸೋದರತ್ತೆ ಜೀವನವಿಡೀ ಚೌಕಾಬಾರ ಆಡಿದವರು. ನಾಲ್ಕೂ ಕವಡೆ ಬೋರಲು ಬಿದ್ದಾಗ ನಾನು "ಸೊನ್ನೆ" ಅಂದೆ. ಅವರು ನನ್ನ ಮುಖ ನೋಡಿದರು. "ಸೊನ್ನೆ ಅಂದ್ರೇನೋ? ಎಂಟು ಅದು. ಬಾರಾ!"

ಸರಿ, ಎಂಟು ಅಂತಲೇ ಆಡಿದೆವು. ಅವತ್ತು ಆಟ ಬೇರೆಯೇ ಆಯಿತು. ಕೈಯಲ್ಲಿರುವ ಹೊಸ ಕಾಯಿಗೆ ಎಂಟು ಬಿದ್ದರೆ ಅದು ಎಲ್ಲಿಗೆ ಹೋಗುತ್ತದೆ ಎಣಿಸಿ ನೋಡಿ: ಎಂಟನೇ ಮನೆ, ನೇರ ನಡುಸಾಲಿನ ಹೂವಿನ ಮೇಲೆ. ನಿಮ್ಮ ಬದಿಯ ಹೂವು ನಾಲ್ಕನೇ ಮನೆ. ಅಲ್ಲಿ ಕೂತ ಕಾಯಿಗೆ ಎಂಟು ಬಿದ್ದರೆ 12ನೇ ಮನೆ, ಅಂದರೆ ಇಡೀ ನಡುಸಾಲನ್ನು ಹಾರಿ ಅದರ ಕೊನೇ ಮನೆಗೆ. ಮೊದಲು ವ್ಯರ್ಥವಾಗುತ್ತಿದ್ದ ಗರವೇ ಈಗ ಎಲ್ಲಕ್ಕಿಂತ ದೊಡ್ಡ ಗರ. ಒಂದು ಹಾಕಿಗೆ ಸರಾಸರಿ 2 ಮನೆ ನಡೆಯುತ್ತಿದ್ದ ಕಾಯಿ 2.5 ಮನೆ ನಡೆಯುತ್ತದೆ. ಕೇಳಲು ಸಣ್ಣ ವ್ಯತ್ಯಾಸ. ಆದರೆ ಸೋಲುತ್ತಿರುವವರು ಕೊನೆಯವರೆಗೂ ಎದ್ದು ಹೋಗುವುದಿಲ್ಲ, ಯಾಕೆಂದರೆ ಒಂದು ಬಾರಾ ಬಿದ್ದರೆ ಲೆಕ್ಕ ತಲೆಕೆಳಗು. ಯೋಚಿಸಿ ಆಡುವವರಿಗೆ ಇದು ಹಿಡಿಸುವುದಿಲ್ಲ. ಕೂಗಾಡಿ ಆಡುವವರಿಗೆ ಇದಕ್ಕಿಂತ ಬೇರೆ ಬೇಡ.

ಚೌಕಾಬಾರದಿಂದ ಇನ್ನೊಂದು ರೂಲ್ ತಂದು ಹಾಕಿದೆವು: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಕೊನೆಯ ಎರಡು ಮನೆಗೆ ಪ್ರವೇಶ ಇಲ್ಲ. ಇದು ಕೆಟ್ಟಿತು. ಚೌಕಾಬಾರದಲ್ಲಿ ಕಡಿಯದವರು ಸುತ್ತುತ್ತಲೇ ಇರಬಹುದು. ಇಲ್ಲಿ ಸುತ್ತಲು ಜಾಗ ಎಲ್ಲಿ? ನಡುಸಾಲಿನ ಕೊನೆಯಲ್ಲಿ ಕಾಯಿಗಳು ಸಾಲಾಗಿ ನಿಂತವು. ಒಂದು ಮನೆಗೆ ಒಂದೇ ಕಾಯಿ ಆದ್ದರಿಂದ ಹಿಂದಿನವೂ ಅಲುಗಾಡಲಿಲ್ಲ. ಏಳು ಕಾಯಿಯ ಬದಲು ನಾಲ್ಕೇ ಇಟ್ಟುಕೊಂಡರೆ ಸ್ವಲ್ಪ ಉಸಿರಾಡುತ್ತದೆ, ಆದರೂ ಈ ಮಣೆಗೆ ಆ ರೂಲ್ ಒಗ್ಗುವುದಿಲ್ಲ ಅನ್ನುವುದು ನನ್ನ ತೀರ್ಮಾನ.

ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದು ಇದನ್ನೇ. ಯಾವ ರೂಲ್ ಬೇಕಾದರೂ ನಡೆಯುತ್ತದೆ ಅಂತ ಅಲ್ಲ, ಮಣೆ ಕೆಲವನ್ನು ಒಪ್ಪುತ್ತದೆ, ಕೆಲವನ್ನು ಉಗುಳುತ್ತದೆ. ದಾರಿಯ ವಿಷಯವನ್ನೇ ನೋಡಿ. ಈಗಿನ 14 ಮನೆಯ ದಾರಿಯಲ್ಲಿ ಹೂವು ಬರುವುದು 4, 8, 14ನೇ ಮನೆಗಳಲ್ಲಿ. ಮೂರನೆಯದು ಯಾಕೋ ತಾಳ ತಪ್ಪಿದೆ ಅನ್ನಿಸುತ್ತದೆ ಅಲ್ವಾ? ಇದಕ್ಕೆ ಕೆಲವರು ಬೇರೆ ದಾರಿ ಸೂಚಿಸಿದ್ದಾರೆ. ಸೇತುವೆ ದಾಟಿ ಚಿಕ್ಕ ತುದಿಯ ನಡುಮನೆಗೆ ಬಂದು, ಅಲ್ಲಿಂದ ನಿಮ್ಮ ಬದಿಯ ಹೂವಿಗೆ ತಿರುಗಿ, ತುದಿಯನ್ನು ಪೂರ್ತಿ ಸುತ್ತಿ, ಎದುರಾಳಿಯ ಬದಿಯ ಹೂವಿನಿಂದ ಹೊರಗೆ. ಒಟ್ಟು 16 ಮನೆ. ಹೂವು 4, 8, 12, 16ರಲ್ಲಿ, ಪ್ರತಿ ನಾಲ್ಕನೆಯದು. ಬಾಲ ಚಾಚಿದ ಈಚಿನ ಮಣೆಗಳಲ್ಲೂ ಹೂವು ನಾಲ್ಕು ನಾಲ್ಕಕ್ಕೇ ಬರುತ್ತದೆ. ಹಾಗಾಗಿ ಈ ದಾರಿಯ ಕಡೆ ನನ್ನ ಒಲವು ಜಾಸ್ತಿ. ಇಬ್ಬರೂ ಹಂಚಿಕೊಳ್ಳುವ ಮನೆ 8ರಿಂದ 12ಕ್ಕೆ ಏರುತ್ತದೆ. ಗೆಲುವಿನ ಹೊಸ್ತಿಲಲ್ಲಿ ಕಡಿಸಿಕೊಳ್ಳುವ ಭಯ ಕೊನೆಯವರೆಗೂ ಇರುತ್ತದೆ. ಆಟ ಸ್ವಲ್ಪ ಎಳೆಯುತ್ತದೆ, ನಿಜ. ಊಟಕ್ಕೆ ಮುಂಚೆ ಒಂದು ಕೈ ಆಡೋಣ ಅನ್ನುವವರಿಗೆ ಹಳೇದೇ ಸಾಕು.

ಈ ಆಟ ಹೋದ ಕಡೆಯೆಲ್ಲ ಜನ ಹೀಗೇ ಮಾಡಿದ್ದಾರೆ. ಇರಾನಿನ ಶಹರ್-ಎ-ಸೂಖ್ತೆಯಲ್ಲಿ ಸಿಕ್ಕ ಮಣೆಯಲ್ಲಿ 20 ಮನೆ ಇರುವುದು ಸುರುಳಿ ಸುತ್ತಿದ ಹಾವಿನ ಮೈಯಲ್ಲಿ. ಈಜಿಪ್ಟಿನಲ್ಲಿ ಸೆನೆತ್ ಅನ್ನುವ ತಮ್ಮದೇ ಆಟದ ಪೆಟ್ಟಿಗೆಯ ಹಿಂಬದಿಗೆ ಇದನ್ನು ಕೆತ್ತಿದರು. ತುತಾಂಖಾಮೆನ್ ಗೋರಿಯಲ್ಲೂ ಅಂಥ ಪೆಟ್ಟಿಗೆಗಳು ಸಿಕ್ಕಿವೆ. ಅಸ್ಸೀರಿಯದ ಎರಡನೇ ಸರ್ಗೋನನ ಅರಮನೆ ಬಾಗಿಲಲ್ಲಿ ರೆಕ್ಕೆಯ ಗೂಳಿಗಳ ದೊಡ್ಡ ಶಿಲ್ಪ ಇತ್ತು. ಅದರ ಪೀಠದ ಮೇಲೆ ಯಾರೋ ಈ ಮಣೆ ಗೀಚಿದ್ದಾರೆ. ಕಾವಲಿನವರೇ ಇರಬೇಕು, ಬೇಜಾರು ಕಳೆಯಲು. ನಮ್ಮ ಪಕ್ಕದ ಕೊಚ್ಚಿಯ ಯಹೂದಿಗಳು 20 ಮನೆಯ ಇಂಥದ್ದೇ ಒಂದು ಆಟವನ್ನು 1950ರ ದಶಕದಲ್ಲಿ ಇಸ್ರೇಲಿಗೆ ಹೋಗುವವರೆಗೂ ಆಡುತ್ತಿದ್ದರು, ತಲಾ 12 ಕಾಯಿ ಇಟ್ಟುಕೊಂಡು.

ನಮ್ಮ ಮೈಸೂರನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟದ ಹುಚ್ಚು. ಇದ್ದ ಆಟಗಳನ್ನು ಹಿಗ್ಗಿಸಿ, ಹೊಸದನ್ನು ಕಟ್ಟಿ, ಅವುಗಳಿಗೆ ಶ್ರೀತತ್ತ್ವನಿಧಿ ಎಂಬ ತಮ್ಮ ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವನ್ನೇ ಮೀಸಲಿಟ್ಟರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆ ಮಣೆಗಳ ಚಿತ್ರಗಳಿವೆ. ಉರ್ ಮಣೆ ಅವರ ಕೈಗೆ ಸಿಕ್ಕಿದ್ದರೆ ಏನೇನು ಮಾಡುತ್ತಿದ್ದರೋ!

"ಹಾಗಾದ್ರೆ ನಾವು ಯಾವುದರಿಂದ ಶುರು ಮಾಡೋದು?" ಅಂತ ಕೇಳಿದರೆ, 14 ಮನೆಯ ಸರಳ ರೂಲ್ಸಿನಿಂದ. ಅದು ಕೈಗೆ ಹತ್ತಿದ ಮೇಲೆ ಫಲಕದಲ್ಲಿರುವ ಪಂದ್ಯದ ರೀತಿ ಸೇರಿಸಿ. ಹೂವಿನ ಮೇಲೆ ನಿಂತವರು ಬಟ್ಟಲಿನಿಂದ ತೆಗೆದುಕೊಳ್ಳಬೇಕು, ಹೂವನ್ನು ದಾಟಿ ಹೋದವರು ಬಟ್ಟಲಿಗೆ ಹಾಕಬೇಕು. ನಾವು ಹುಣಸೆಬೀಜ ಇಟ್ಟುಕೊಂಡು ಆಡುತ್ತೇವೆ. ಓಡುವುದೇ ಗುರಿಯಾಗಿದ್ದ ಆಟ ತಕ್ಷಣ ಬದಲಾಗುತ್ತದೆ. ಮೊದಲು ಹೊರಗೆ ಹೋದವರ ಕೈ ಖಾಲಿ, ಸೋತವರ ಮುಂದೆ ಬೀಜದ ರಾಶಿ. ಏನು ಬದಲಾಯಿಸುವುದಿದ್ದರೂ ಮೊದಲ ಗರ ಬೀಳುವುದಕ್ಕೆ ಮುಂಚೆ ಚೀಟಿಯಲ್ಲಿ ಬರೆದಿಡಿ. ನಡುವೆ ಬದಲಾಯಿಸಿದರೆ ಅದು ಪ್ರಯೋಗ ಅಲ್ಲ, ಮೋಸ.

ನಮ್ಮ ಚೀಟಿಯಲ್ಲಿ ಇನ್ನೂ ಒಂದು ಸಾಲು ಖಾಲಿ ಇದೆ. ಚೌಕಾಬಾರದ ಪ್ರಕಾರ ಬಾರಾ ಬಿದ್ದವರಿಗೆ ಇನ್ನೊಂದು ಹಾಕುವ ಅವಕಾಶ ಉಂಟು. ಆ ಬಾರಾದಿಂದಲೇ ಹೊಸ ಕಾಯಿ ನಡುಸಾಲಿನ ಹೂವಿನ ಮೇಲೆ ಕೂತರೆ, ಹೂವಿಗೂ ಒಂದು ಅವಕಾಶ. ಎರಡೂ ಸೇರಿ ಎರಡು ಸಲ ಹಾಕಬೇಕಾ, ಒಂದೇ ಸಲವಾ? ಅತ್ತೆ ಎರಡು ಅನ್ನುತ್ತಾರೆ. ನಾನು ಒಂದು ಅನ್ನುತ್ತೇನೆ. ಸದ್ಯಕ್ಕೆ ಬಾರಾ ಅವರಿಗೇ ಜಾಸ್ತಿ ಬೀಳುತ್ತಿದೆ.