ಒಗ್ಗರಣೆ ಬೀಳದ ಸೋಮವಾರ

2009ರ ಸೆಪ್ಟೆಂಬರ್ 14, ಸೋಮವಾರ. ಬೆಳಗ್ಗೆ ಐದಕ್ಕೇ ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಾಗಿತ್ತು. ನಮ್ಮ ಹನುಮಂತನಗರದ ಬೀದಿಗೆ ಇನ್ನೂ ಹಾಲಿನವರೂ ಬಂದಿರಲಿಲ್ಲ. ನಾನು ಎದ್ದು ಬರುವಷ್ಟರಲ್ಲಿ ಕುಕ್ಕರ್ ಮೂರು ಸಲ ಕೂಗಿತ್ತು. ಹುರುಳಿಕಾಯಿ ಹೆಚ್ಚಿ ತಟ್ಟೆಯಲ್ಲಿತ್ತು. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುತ್ತಿತ್ತು.

"ಆರೂವರೆ ಒಳಗೆ ಎಲ್ಲ ಮುಗಿಸ್ತೀನಿ. ಆಮೇಲೆ ನನ್ನನ್ನ ಯಾರೂ ಏಳಿಸಬೇಡಿ" ಅಂದರು. ಅಪ್ಪನಿಗೂ ಸೇರಿಸಿ ಹೇಳಿದ ಮಾತದು.

ನಮ್ಮ ಆರೂವರೆ ಅಂದರೆ ನ್ಯೂಯಾರ್ಕಿನಲ್ಲಿ ಭಾನುವಾರ ರಾತ್ರಿ ಒಂಬತ್ತು. ಮಳೆಯಿಂದಾಗಿ ಯು.ಎಸ್. ಓಪನ್ ಟೆನಿಸ್‌ನ ಮಹಿಳಾ ಫೈನಲ್ ಒಂದು ದಿನ ಮುಂದೆ ಹೋಗಿತ್ತು. ಇಲ್ಲದಿದ್ದರೆ ನಮಗೆ ಭಾನುವಾರ ಬೆಳಗ್ಗೆಯೇ ಸಿಗುತ್ತಿತ್ತು, ಆಫೀಸಿನ ಚಿಂತೆ ಇರುತ್ತಿರಲಿಲ್ಲ. ಆದರೆ ಅಂದು ಫೈನಲ್ ಆಡುತ್ತಿದ್ದದ್ದು ಬೆಲ್ಜಿಯಂನ ಕಿಮ್ ಕ್ಲೈಸ್ಟರ್ಸ್. ಸೋಮವಾರವಾದರೇನು, ಬುಧವಾರವಾದರೇನು?

ಕಿಮ್ ನಮ್ಮ ಮನೆಗೆ ಬಂದದ್ದು 2001ರ ಜೂನ್‌ನಲ್ಲಿ. ಫ್ರೆಂಚ್ ಓಪನ್ ಫೈನಲ್, ಎದುರಿಗೆ ಜೆನಿಫರ್ ಕ್ಯಾಪ್ರಿಯಾಟಿ. ಕಿಮ್‌ಗೆ ಹದಿನೆಂಟು ತುಂಬಿ ಒಂದೇ ದಿನ ಆಗಿತ್ತು. ನನಗೂ ಹೆಚ್ಚುಕಡಿಮೆ ಅದೇ ವಯಸ್ಸು. ಮೊದಲ ಸೆಟ್ 6-1ರಲ್ಲಿ ಗೆದ್ದಳು, ಎರಡನೆಯದನ್ನು 4-6ರಲ್ಲಿ ಬಿಟ್ಟಳು. ಮೂರನೆಯದು ಮುಗಿಯುವುದೇ ಇಲ್ಲ ಅನ್ನಿಸುತ್ತಿತ್ತು. ಆಗ ಅಮ್ಮ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು, "ಸೋಲ್ತಿರೋಳು ಯಾರು?" ಅಂತ ಕೇಳಿದರು. ನಾನು ತೋರಿಸಿದೆ. ಅಮ್ಮ ಅಲ್ಲೇ ನೆಲದ ಮೇಲೆ ಕೂತರು. ಕಿಮ್ 12-10ರಲ್ಲಿ ಸೋತಳು. ಸೋತಮೇಲೂ ನೆಟ್ ಹತ್ತಿರ ನಗುತ್ತಾ ಹೋಗಿ ಕೈ ಕುಲುಕಿದಳು. "ಒಳ್ಳೆ ಹುಡುಗಿ" ಅಂದರು ಅಮ್ಮ. ಅಲ್ಲಿಂದ ಶುರು.

ಅಮ್ಮನಿಗೆ ಆಟ ಹೊಸದಲ್ಲ. ಮಂಡ್ಯದಲ್ಲಿ ಕಾಲೇಜಿಗೆ ಹೋಗುವಾಗ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು. ಶಟಲ್ ಅಲ್ಲ. ಹಳದಿ ಉಲ್ಲನ್ ಚೆಂಡು, ಒಂದೊಂದು ಕಡೆಗೆ ಐದೈದು ಜನ. ಹಳೆ ಮೈಸೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದಮೇಲೆ ಆಟ ನಿಂತಿತು. ಇಂಗ್ಲಿಷ್ ಕಾಮೆಂಟರಿ ಅವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಚೆಂಡು ಎಲ್ಲಿ ಬೀಳುತ್ತದೆ ಅಂತ ಕಾಮೆಂಟೇಟರ್‌ಗಿಂತ ಮೊದಲೇ ಹೇಳುತ್ತಿದ್ದರು.

ಅವರಿಗೆ ತುಂಬಾ ಇಷ್ಟವಾಗಿದ್ದದ್ದು ಕಿಮ್ ಎರಡೂ ಕಾಲು ಚಾಚಿ ಜಾರಿಕೊಂಡು ಹೋಗಿ ಹೊಡೆಯುವ ಹೊಡೆತ. ಗಟ್ಟಿ ನೆಲದ ಹಾರ್ಡ್ ಕೋರ್ಟ್‌ನಲ್ಲೂ ಹಾಗೇ ಜಾರುತ್ತಿದ್ದಳು. ಬೇರೆಯವರು ಹಾಗೆ ಮಾಡಿದರೆ ತೊಡೆ ಹಿಡಿದುಕೊಂಡು ಕೂರಬೇಕಾದೀತು. ಅವಳ ಅಮ್ಮ ಜಿಮ್ನಾಸ್ಟ್, ಅಪ್ಪ ಲೇ ಕ್ಲೈಸ್ಟರ್ಸ್ ಬೆಲ್ಜಿಯಂನ ಹೆಸರಾಂತ ಫುಟ್‌ಬಾಲ್ ಆಟಗಾರ ಅಂತ ನಾನು ಓದಿ ಹೇಳಿದಾಗ ಅಮ್ಮ, "ಅದಕ್ಕೇ ಮತ್ತೆ. ಕಾಲು ಅಪ್ಪಂದು, ಬಳುಕು ಅಮ್ಮಂದು" ಅಂದರು.

ಆಮೇಲಿನ ವರ್ಷಗಳು ಅಭಿಮಾನಿಗಳಿಗೆ ಕಷ್ಟದವು. 2003ರಲ್ಲಿ ಫ್ರೆಂಚ್ ಮತ್ತು ಯು.ಎಸ್. ಫೈನಲ್, 2004ರಲ್ಲಿ ಆಸ್ಟ್ರೇಲಿಯನ್ ಫೈನಲ್. ಮೂರರಲ್ಲೂ ತನ್ನದೇ ದೇಶದ ಜಸ್ಟಿನ್ ಹೆನಿನ್ ಕೈಯಲ್ಲಿ ಸೋತಳು. ಆಮೇಲೆ ಮಣಿಕಟ್ಟಿನ ಆಪರೇಷನ್. ಕೊನೆಗೆ 2005ರಲ್ಲಿ ಯು.ಎಸ್. ಓಪನ್ ಗೆದ್ದಾಗ ಅಮ್ಮ ದೊಡ್ಡ ಗಣಪತಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಯಾರ ಹೆಸರಲ್ಲಿ ಅರ್ಚನೆ ಅಂತ ಕೇಳಿದರೆ ಏನು ಹೇಳಿದರೋ ನನಗೆ ಹೇಳಲಿಲ್ಲ.

2007ರ ಮೇ ತಿಂಗಳಲ್ಲಿ ಕಿಮ್ ಆಟ ಬಿಟ್ಟಳು. ಇನ್ನೂ ಇಪ್ಪತ್ತಮೂರು ವರ್ಷ. ಮೈಯೆಲ್ಲ ಗಾಯ, ಸಾಕಾಗಿದೆ, ಮದುವೆಯಾಗುತ್ತೇನೆ ಅಂದಳು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಸಿಟ್ಟಲ್ಲ, ಯಾರೋ ಹೇಳದೆ ಕೇಳದೆ ಊರು ಬಿಟ್ಟು ಹೋದಾಗ ಆಗುತ್ತಲ್ಲ, ಅಂಥದ್ದು. ಆರು ವರ್ಷ ಪ್ರಜಾವಾಣಿಯ ಕ್ರೀಡಾಪುಟದಿಂದ ಕತ್ತರಿಸಿ ಅಂಟಿಸಿದ ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಿಬಿಟ್ಟೆ.

"ಮೈ ನೋಯ್ತಿದ್ರೆ ಏನು ಮಾಡ್ತಾಳೆ ಅವಳು?" ಅಂದರು ಅಮ್ಮ.

"ನೀನೂ ಹೀಗೇ ಬಿಟ್ಟೆ ಅಲ್ವಾ? ಬೇಜಾರಾಗಲಿಲ್ವಾ?"

"ಆಯ್ತು. ತುಂಬಾ ದಿನ ಆಯ್ತು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಆಮೇಲಿಂದು ನಾನು ಸುಮ್ನೆ ಕೂತ ವರ್ಷಗಳಲ್ಲ. ಹಾಗಂದ್ಕೋಬೇಡ ನೀನು" ಅಂದರು. ನನಗೆ ಆಗ ಅದು ಸರಿಯಾಗಿ ಕೇಳಿಸಲೇ ಇಲ್ಲ. ನಾನು ನನ್ನ ದುಃಖದಲ್ಲಿದ್ದೆ.

2008ರ ಮಾರ್ಚ್‌ನಲ್ಲಿ ಬೆಂಗಳೂರು ಓಪನ್‌ಗೆ ಅಮೆರಿಕದ ವಿಲಿಯಮ್ಸ್ ಸೋದರಿಯರು ಸೆರೆನಾ, ವೀನಸ್ ಇಬ್ಬರೂ ಬಂದರು. ಕಬ್ಬನ್ ಪಾರ್ಕ್ ಒಳಗಿನ ಕೆಎಸ್‌ಎಲ್‌ಟಿಎ (ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಸ್ಟೇಡಿಯಂನಲ್ಲಿ ಅಕ್ಕ ತಂಗಿಯರ ಸೆಮಿಫೈನಲ್. ಅಮ್ಮನನ್ನು ಕರೆದುಕೊಂಡು ಹೋದೆ. ಮರಗಳ ನಡುವೆ ಆ ಅಂಗಳ, ಸಂಜೆಯ ದೀಪ, ಮತ್ತೆ ಆ ಸದ್ದು. ಟಿ.ವಿ.ಯಲ್ಲಿ ಆ ಸದ್ದು ಬರುವುದೇ ಇಲ್ಲ. ವೀನಸ್ ಸರ್ವ್ ಮಾಡಿದರೆ ಚೆಂಡು ಹೊರಟದ್ದು ಕಾಣುತ್ತಿತ್ತು, ಆಮೇಲೆ ಹಿಂದಿನ ಪರದೆಗೆ ಬಡಿದದ್ದು ಕೇಳುತ್ತಿತ್ತು. ಮಧ್ಯದ್ದು ಕಾಣುತ್ತಿರಲಿಲ್ಲ. ಸೆರೆನಾ 6-3, 3-6, 7-6ರಲ್ಲಿ ಗೆದ್ದಳು, ಆಮೇಲೆ ಫೈನಲನ್ನೂ ಗೆದ್ದಳು. ಹೊರಗೆ ಬರುವಾಗ ಅಮ್ಮ ಒಂದೇ ಮಾತು ಹೇಳಿದರು: "ಇಂಥವರ ಎದುರು ನಮ್ಮ ಕಿಮ್ ಅಷ್ಟು ವರ್ಷ ನಿಂತಳಲ್ಲ." ಆ ಹೊತ್ತಿಗೆ ಬೆಲ್ಜಿಯಂನಲ್ಲಿ ಕಿಮ್ ಮಗಳು ಜೇಡಾಳನ್ನು ಹೆತ್ತು ಇನ್ನೂ ಬಾಣಂತನದಲ್ಲಿದ್ದಳು.

ವಾಪಸ್ ಬರುವ ಯೋಚನೆ ಹೇಗೆ ಹುಟ್ಟಿತು ಅನ್ನುವುದು ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟ. ವಿಂಬಲ್ಡನ್ ಸೆಂಟರ್ ಕೋರ್ಟ್‌ಗೆ ಹೊಸದಾಗಿ ಚಾವಣಿ ಹಾಕಿದ್ದರು. ಅದನ್ನು ತೋರಿಸಲು 2009ರ ಮೇ ತಿಂಗಳಲ್ಲಿ ಒಂದು ಪ್ರದರ್ಶನ ಪಂದ್ಯ: ಹಳೆಯ ತಾರೆಗಳಾದ ಅಗಾಸಿ, ಗ್ರಾಫ್, ಹೆನ್ಮನ್ ಜೊತೆ ಕಿಮ್‌ಗೂ ಕರೆ. ಅಲ್ಲಿ ಮರ್ಯಾದೆ ಉಳಿಯಲಿ ಅಂತ ಅಭ್ಯಾಸ ಶುರುಮಾಡಿದಳು. ಆಡುತ್ತಾ ಆಡುತ್ತಾ ಮತ್ತೆ ಆಸೆ ಹುಟ್ಟಿತು. ಅಷ್ಟೇ. ಯಾರಿಗೂ ಏನನ್ನೂ ತೋರಿಸುವುದಕ್ಕಲ್ಲ. ಆ ವರ್ಷ ಜನವರಿಯಲ್ಲಿ ಅವಳ ಅಪ್ಪ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಆ ನೋವು ಒಳಗಿಟ್ಟುಕೊಂಡೇ ಅವಳು ರ‍್ಯಾಕೆಟ್ ಹಿಡಿದದ್ದು.

ಆಗಸ್ಟ್‌ನಲ್ಲಿ ಸಿನ್ಸಿನಾಟಿ, ಆಮೇಲೆ ಟೊರಾಂಟೊ, ಮೂರನೆಯದೇ ಯು.ಎಸ್. ಓಪನ್. ಅವಳಿಗೆ ರ‍್ಯಾಂಕಿಂಗೇ ಇರಲಿಲ್ಲ. ಹಿಂದಿನ 52 ವಾರ ಆಡಿದ್ದನ್ನು ಲೆಕ್ಕ ಹಾಕಿ ಪಾಯಿಂಟ್ ಕೊಡುತ್ತಾರೆ, ಈ ಎರಡು ಟೂರ್ನಿ ಬಿಟ್ಟರೆ ಇವಳು ಎರಡು ವರ್ಷ ಆಡಿಯೇ ಇರಲಿಲ್ಲ. ಹಾಗಾಗಿ ವೈಲ್ಡ್‌ಕಾರ್ಡ್ ಮೇಲೆ ಒಳಗೆ ಬಂದಳು. ಅಮ್ಮನಿಗೆ ನಾನು ಹೇಳಿದ್ದು, "ಪಟ್ಟಿಯಲ್ಲಿ ಹೆಸರಿಲ್ಲದವರನ್ನ ಪ್ರೀತಿಯಿಂದ ಊಟಕ್ಕೆ ಕರೆಯೋದು."

ನಾಲ್ಕನೇ ಸುತ್ತಿನಲ್ಲಿ ವೀನಸ್. ಮೊದಲ ಸೆಟ್ ಕಿಮ್‌ಗೆ 6-0. ಎರಡನೆಯದು ವೀನಸ್‌ಗೆ 6-0. ಇಂಥ ಮ್ಯಾಚ್ ನಾನು ಮತ್ತೆ ನೋಡಿಲ್ಲ. ಕೊನೆಯದನ್ನು ಕಿಮ್ 6-4ರಲ್ಲಿ ಗೆದ್ದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಕಬ್ಬನ್ ಪಾರ್ಕಿನ ಆ ಸದ್ದು ಇಬ್ಬರ ಕಿವಿಯಲ್ಲೂ ಇತ್ತು.

ಸೆಮಿಫೈನಲ್‌ನಲ್ಲಿ ಸೆರೆನಾ. ನಮಗೆ ಭಾನುವಾರ ಬೆಳಗ್ಗೆ. ಆ ಮ್ಯಾಚ್ ಮುಗಿದ ರೀತಿಯನ್ನೇ ಜನ ಇವತ್ತಿಗೂ ಮಾತಾಡುತ್ತಾರೆ. ಕಿಮ್ ಮೊದಲ ಸೆಟ್ 6-4ರಲ್ಲಿ ಗೆದ್ದು, ಎರಡನೆಯದರಲ್ಲಿ 6-5ರಲ್ಲಿದ್ದಳು. ಸೆರೆನಾ ಸರ್ವ್, 15-30. ಎರಡನೇ ಸರ್ವ್‌ನಲ್ಲಿ ಕಾಲು ಗೆರೆ ತುಳಿಯಿತು ಅಂತ ಲೈನ್ ಅಂಪೈರ್ ಫುಟ್‌ಫಾಲ್ಟ್ ಕೊಟ್ಟರು. 15-40, ಮ್ಯಾಚ್ ಪಾಯಿಂಟ್: ಇನ್ನೊಂದು ಪಾಯಿಂಟ್ ಬಂದರೆ ಕಿಮ್ ಗೆದ್ದಳು. ಸೆರೆನಾ ಆ ಅಂಪೈರ್ ಮೇಲೆ ಕೂಗಾಡಿದಳು. ಮೊದಲ ಸೆಟ್ ಸೋತು ರ‍್ಯಾಕೆಟ್ ಮುರಿದಾಗಲೇ ಒಂದು ಎಚ್ಚರಿಕೆ ಆಗಿತ್ತು. ಎರಡನೆಯದಕ್ಕೆ ಒಂದು ಪಾಯಿಂಟ್ ದಂಡ. ಆ ಒಂದು ಪಾಯಿಂಟ್‌ನಲ್ಲೇ ಮ್ಯಾಚ್ ಮುಗಿದುಹೋಯಿತು. ಕಿಮ್ ಬೇಸ್‌ಲೈನ್ ಹಿಂದೆ ಏನಾಗುತ್ತಿದೆ ಅಂತ ಗೊತ್ತಾಗದೆ ನಿಂತಿದ್ದಳು. ಖುಷಿಪಡಲೂ ಬಿಡಲಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿಯಿತು. ಅಷ್ಟು ಹೊತ್ತು ಸೆರೆನಾಗಿಂತ ಚೆನ್ನಾಗಿ ಆಡಿ ಅಲ್ಲಿಗೆ ತಂದು ನಿಲ್ಲಿಸಿದವಳು ಕಿಮ್. ಅದನ್ನು ಹೇಳುವವರು ಕಡಿಮೆ.

ಫೈನಲ್‌ನಲ್ಲಿ ಎದುರಿಗೆ ಹತ್ತೊಂಬತ್ತು ವರ್ಷದ ಡೆನ್ಮಾರ್ಕ್ ಹುಡುಗಿ ಕೆರೊಲಿನ್ ವೋಜ್ನಿಯಾಕಿ. ಎಂಥ ಚೆಂಡು ಹೊಡೆದರೂ ವಾಪಸ್ ಬರುತ್ತದೆ. ಅಮ್ಮ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು, ಕೈಯಲ್ಲಿ ಕಾಫಿ ಲೋಟ. ನಾನು ಆಫೀಸಿನ ಬಟ್ಟೆ ಹಾಕಿಕೊಂಡು, ಬ್ಯಾಗ್ ಪಕ್ಕದಲ್ಲಿಟ್ಟುಕೊಂಡು ನೆಲದ ಮೇಲೆ. ಮೊದಲ ಸೆಟ್‌ನಲ್ಲಿ ವೋಜ್ನಿಯಾಕಿ 5-4ರಲ್ಲಿ ಮುಂದಿದ್ದಳು. ಕಿಮ್ ಜೋರಾಗಿ ಹೊಡೆದ ಚೆಂಡುಗಳು ಹೊರಗೆ ಹೋಗುತ್ತಿದ್ದವು. ನನಗೆ ಹಳೆಯ ಫೈನಲ್‌ಗಳೆಲ್ಲ ನೆನಪಾಗಿ ಹೊಟ್ಟೆಯಲ್ಲಿ ಸಂಕಟ.

"ಹೆದರಿ ಮೆತ್ತಗೆ ಹೊಡೀತಿಲ್ಲ ನೋಡು. ಗೆಲ್ತಾಳೆ" ಅಂದರು ಅಮ್ಮ.

ಆಮೇಲೆ ನಾನೂ ಅದನ್ನೇ ನೋಡತೊಡಗಿದೆ. 2003ರ ಕಿಮ್ ಇಂಥ ಜಾಗದಲ್ಲಿ ಬಿಗಿಯಾಗುತ್ತಿದ್ದಳು. ಇವಳು ತಪ್ಪು ಮಾಡಿದರೂ ಮುಂದಿನ ಚೆಂಡನ್ನು ಅಷ್ಟೇ ಬಿಡುಬೀಸಾಗಿ ಹೊಡೆಯುತ್ತಿದ್ದಳು. ತಪ್ಪಾದರೆ ಒಂದು ಸಲ ತಲೆ ಅಲ್ಲಾಡಿಸಿ ತಿರುಗಿ ನಡೆಯುತ್ತಿದ್ದಳು. ಎರಡು ವರ್ಷ ಮನೆಯಲ್ಲಿದ್ದು ಅವಳೇನೂ ಕಳೆದುಕೊಂಡಿರಲಿಲ್ಲ, ಏನನ್ನೋ ಜೊತೆಗೇ ತಂದಿದ್ದಳು. ಅಮ್ಮ ಎರಡು ವರ್ಷ ಹಿಂದೆ ಹೇಳಿದ ಮಾತು ನನಗೆ ಸರಿಯಾಗಿ ಕೇಳಿಸಿದ್ದು ಅವತ್ತು, ಆ 5-4ರಲ್ಲಿ. ಸೆಟ್ 7-5ಕ್ಕೆ ಕಿಮ್‌ದಾಯಿತು.

ಎರಡನೆಯದು 6-3. ಕೊನೆಯ ಪಾಯಿಂಟ್ ಆದಾಗ ಕಿಮ್ ಕೋರ್ಟ್ ಮೇಲೆ ಕುಸಿದು ಅತ್ತಳು. ವೈಲ್ಡ್‌ಕಾರ್ಡ್ ಮೇಲೆ ಬಂದು ಯು.ಎಸ್. ಓಪನ್ ಗೆದ್ದವರಲ್ಲಿ ಅವಳೇ ಮೊದಲು. 1980ರಲ್ಲಿ ಆಸ್ಟ್ರೇಲಿಯಾದ ಇವೋನ್ ಗೂಲಗಾಂಗ್ ವಿಂಬಲ್ಡನ್ ಗೆದ್ದಮೇಲೆ ತಾಯಿಯೊಬ್ಬಳು ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದದ್ದು ಅದೇ ಮೊದಲ ಸಲ. ಇಪ್ಪತ್ತೊಂಬತ್ತು ವರ್ಷ!

ಮೈಕಿನಲ್ಲಿ ಮಾತಾಡುತ್ತಾ ಕಿಮ್, ಮಗಳು ರಾತ್ರಿ ಎಚ್ಚರವಾಗಿರಲಿ ಅಂತ ಮಧ್ಯಾಹ್ನದ ನಿದ್ದೆಯನ್ನು ಸ್ವಲ್ಪ ತಡವಾಗಿ ಮಾಡಿಸಿದೆವು ಅಂದಳು. ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಗೆದ್ದಾಗ ಅತ್ತಿರಲಿಲ್ಲ, ಇದಕ್ಕೆ ಅತ್ತರು. "ಫೈನಲ್ ಆಡೋ ದಿನಾನೂ ಮಗೂ ನಿದ್ದೆ ಲೆಕ್ಕ ತಲೇಲಿ ಇಟ್ಕೊಂಡಿದಾಳೆ" ಅಂದರು. ಅಷ್ಟರಲ್ಲಿ ಗುಂಗುರು ಕೂದಲಿನ ಜೇಡಾ ಕೋರ್ಟಿಗೆ ಬಂದಳು. ಇನ್ನೂ ಒಂದೂವರೆ ವರ್ಷದ ಮಗು. ಸುತ್ತ ಕ್ಯಾಮೆರಾಗಳ ಗದ್ದಲ, ಅವಳ ಕಣ್ಣು ಮಾತ್ರ ಹೊಳೆಯುವ ಕಪ್ ಮೇಲೆ.

ಗಂಟೆ ಎಂಟು ದಾಟಿತ್ತು. ಅಮ್ಮ ಗಡಿಬಿಡಿಯಲ್ಲಿ ಡಬ್ಬಿ ಕಟ್ಟಿಕೊಟ್ಟರು. ನಾನು ಓಡಿದೆ. ಬನಶಂಕರಿಯಿಂದ ಮಾರತ್ತಹಳ್ಳಿಗೆ ಹೋಗುವ ವೋಲ್ವೋದಲ್ಲಿ ಕಿಟಕಿ ಪಕ್ಕ ಕೂತೆ. ಸಿಲ್ಕ್ ಬೋರ್ಡ್ ಹತ್ತಿರ ಎಂದಿನ ಹಾಗೆ ಟ್ರಾಫಿಕ್ ನಿಂತಿತು. ಪಕ್ಕದಲ್ಲಿ ಕೂತಿದ್ದ, ನಾನು ಕಂಡೇ ಇಲ್ಲದ ಹೆಂಗಸಿಗೆ "ಕಿಮ್ ಗೆದ್ದಳು" ಅಂತ ಹೇಳಿಬಿಟ್ಟೆ. ಅವರಿಗೆ ಕಿಮ್ ಯಾರು ಅಂತ ಗೊತ್ತಿರಲಿಲ್ಲ. "ಒಳ್ಳೇದಾಯ್ತು ಬಿಡಿ" ಅಂದು ನಕ್ಕರು.

ಮಧ್ಯಾಹ್ನ ಡಬ್ಬಿ ತೆಗೆದರೆ ಹುರುಳಿಕಾಯಿ ಪಲ್ಯದಲ್ಲಿ ಸಾಸಿವೆ ಇಲ್ಲ, ಕರಿಬೇವಿಲ್ಲ. ಸಾರಿನಲ್ಲಿ ಇಂಗಿನ ಘಮವೂ ಇಲ್ಲ. ಎರಡಕ್ಕೂ ಒಗ್ಗರಣೆಯೇ ಬಿದ್ದಿರಲಿಲ್ಲ. ಅಮ್ಮನ ಅಡುಗೆಯಲ್ಲಿ ಇದು ನಡೆಯುವ ಮಾತೇ ಅಲ್ಲ. ಪೂರ್ತಿ ತಿಂದು ಮನೆಗೆ ಫೋನ್ ಮಾಡಿದೆ. ತುಂಬಾ ಹೊತ್ತು ರಿಂಗ್ ಆಯಿತು.

"ಊಟ ಆಯ್ತಾ?" ಅಂದರು ಅಮ್ಮ. ಹಿಂದೆ ಟಿ.ವಿ. ಸದ್ದು ಕೇಳುತ್ತಿತ್ತು.

"ಆಯ್ತಮ್ಮ. ಏನು ನೋಡ್ತಿದ್ದೀಯ?"

"ಅದೇ ಮ್ಯಾಚು, ಮತ್ತೆ ಹಾಕಿದಾರೆ. ಈಗ ಐದು-ನಾಲ್ಕು, ಆ ಹುಡುಗಿ ಮುಂದಿದಾಳೆ. ಇಡ್ತೀನಿ, ಇಡ್ತೀನಿ" ಅಂದು ಫೋನ್ ಇಟ್ಟರು.